ಅವ್ವನ ಹೊಟ್ಟೆನೋವು, ನನ್ನ ದೊಡ್ಡ ಸ್ಕ್ಯಾನ್

ಊರು ಬಿಟ್ಟು ದೂರ ಇರುವ ನಮ್ಮಂಥವರಿಗೆ ರಾತ್ರಿ ಹತ್ತರ ಮೇಲೆ ಮನೆಯಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಹೋದ ವರ್ಷ ಯುಗಾದಿಯ ಮರುದಿನ ನನಗೆ ಹಾಗೇ ಆಯಿತು. ನಾನಿರುವುದು ಪುಣೆಯ ವಾಕಡ್‌ನಲ್ಲಿ, ಅಪ್ಪ–ಅವ್ವ ಧಾರವಾಡದಲ್ಲಿ. ಹಬ್ಬದ ದಿನ ಹೋಳಿಗೆ–ತುಪ್ಪ ಉಂಡು ಮಲಗಿದ ಅವ್ವನಿಗೆ ನಡುರಾತ್ರಿ ಬಲಪಕ್ಕೆಯ ಕೆಳಗೆ ಹಿಂಡಿದಂಥ ನೋವು ಬಂದಿತ್ತು. ಬೆನ್ನಿಗೂ ಬಲ ಹೆಗಲಿಗೂ ಹರಿದು, ಎರಡು ಸಲ ವಾಂತಿಯಾಗಿ, ಬೆಳಗಿನ ಹೊತ್ತಿಗೆ ಇಳಿದಿತ್ತು. ಇದು ಮೊದಲ ಸಲವೂ ಆಗಿರಲಿಲ್ಲ. ಮೂರ್ನಾಲ್ಕು ತಿಂಗಳಿಂದ ಜಿಡ್ಡು ತಿಂದಾಗೆಲ್ಲ ಹೀಗಾಗುತ್ತಿತ್ತಂತೆ. ಅವ್ವ ಅದನ್ನು ‘ಪಿತ್ತ’ ಎಂದುಕೊಂಡು ಜೀರಿಗೆ ಕಷಾಯ ಕುಡಿದು ಸುಮ್ಮನಾಗಿದ್ದಳು.

ಓಣಿಯ ಹಳೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಪಿತ್ತಕೋಶದಲ್ಲಿ ಕಲ್ಲಿರಬಹುದು ಎಂದು ಚೀಟಿ ಬರೆದಿದ್ದರು.

“ಸೋನೋಗ್ರಫಿ ಮಾಡಸ್ರಿ ಅಂದಾರ. ನಾಳೆ ಮುಂಜಾನೆ ಬರೀ ಹೊಟ್ಟಿಲೆ ಹೋಗಬೇಕಂತ,” ಎಂದರು ಅಪ್ಪ.

“ಬ್ಯಾಡ್ರಿ ಅಪ್ಪಾ. ಬರೀ ಸೋನೋಗ್ರಫಿಯಾಗ ಏನ್ ಗೊತ್ತಾಗತೈತಿ? ಅವ್ವನ್ನ ಇಲ್ಲಿಗೇ ಕರಕೊಂಡ ಬರ್ರಿ. ಸಿಟಿ ಸ್ಕ್ಯಾನ್ ಮಾಡಸೋಣು.”

“ಡಾಕ್ಟರ್ ಅದನ್ನ ಹೇಳಿಲ್ಲಲ್ಲೋ?” ಎಂದ ಅಪ್ಪ ಒಂದು ಕ್ಷಣ ತಡೆದು, “ಆಗ್ಲಿ ಬಿಡಪಾ, ನೀ ಕಲತಾಂವ, ನಿನಗ ಗೊತ್ತಿರತೈತಿ,” ಎಂದರು.

ನನಗೆ ಗೊತ್ತಿರಲಿಲ್ಲ. ಎಂಟೆಕ್ ಮಾಡಿದ್ದೇನೆ, ದಿನವೂ ಸಾಫ್ಟ್‌ವೇರ್ ಬರೆಯುತ್ತೇನೆ, ಆದರೆ ಅವ್ವನ ಹೊಟ್ಟೆಯ ಬಗ್ಗೆ ನನಗಿದ್ದ ತಿಳಿವಳಿಕೆ ಒಂದೇ: ದುಬಾರಿ ಯಂತ್ರ ಹೆಚ್ಚು ಕಾಣುತ್ತದೆ. ನನ್ನ ಲೆಕ್ಕದಲ್ಲಿ ಎಕ್ಸ್‌–ರೇ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಸೋನೋಗ್ರಫಿ, ಅದರ ಮೇಲೆ ಸಿಟಿ, ತುದಿಯಲ್ಲಿ ಎಂಆರ್‌ಐ. ಮೊಬೈಲ್ ಫೋನಿನ ಮಾಡೆಲ್‌ಗಳ ಹಾಗೆ. ಜೊತೆಗೆ ಇನ್ನೊಂದು ಮಾತೂ ಇತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ವರ್ಷಕ್ಕೆ ಎರಡು ಸಲ ಊರಿಗೆ ಹೋಗುವ ಮಗ ಹತ್ತಿರವಿದ್ದು ಮಾಡಲಾಗದ ಸೇವೆಯನ್ನು ದುಡ್ಡಿನಲ್ಲಿ ತುಂಬಿಕೊಡಲು ನೋಡುತ್ತಿದ್ದ.

ಅರ್ಧ ತುಂಬಿದ ಫಾರ್ಮ್

ರಾತ್ರಿ ಬಸ್ಸಿಗೆ ಅಪ್ಪ–ಅವ್ವ ಪುಣೆಗೆ ಬಂದರು. ಕಂಪನಿಯ ಇನ್ಶೂರೆನ್ಸ್ ಜೊತೆ ಸಿಗುವ ಫೋನ್ ಕನ್ಸಲ್ಟೇಶನ್‌ನಲ್ಲಿ “ಹೊಟ್ಟೆನೋವು ಇದೆ, ಸಿಟಿ ಬೇಕು” ಎಂದು ನಾನೇ ಕೇಳಿ ಚೀಟಿ ಬರೆಸಿಕೊಂಡೆ. ಡಯಾಗ್ನೋಸ್ಟಿಕ್ ಸೆಂಟರಿನ ಕೌಂಟರ್‌ನಲ್ಲಿ ಒಂದು ಫಾರ್ಮ್ ಕೊಟ್ಟರು. ಹೆಸರು, ವಯಸ್ಸು, ಫೋನ್ ನಂಬರ್. ಅದರ ಕೆಳಗೆ ರೋಗಲಕ್ಷಣ ಏನು, ಯಾವ ಕಾಯಿಲೆಯ ಸಂಶಯ ಎಂದು ಬರೆಯಲು ಎರಡು ಸಾಲು ಜಾಗ. ನಾನು ‘ಹೊಟ್ಟೆನೋವು’ ಎಂದಷ್ಟೇ ಬರೆದು ಉಳಿದದ್ದನ್ನು ಖಾಲಿ ಬಿಟ್ಟೆ. ಅಪ್ಪ ಅಂಗಿಯ ಜೇಬಿನಿಂದ ಧಾರವಾಡದ ಡಾಕ್ಟರ ಚೀಟಿ ತೆಗೆದು, “ಇದನ್ನ ತೋರಸಬೇಕೇನು?” ಎಂದರು. “ಅದೇನ್ ಬ್ಯಾಡ್ರಿ,” ಎಂದೆ.

7,500 ರೂಪಾಯಿ ಕಟ್ಟಿದೆ. ಸ್ಕ್ಯಾನ್ ಕೆಲವೇ ನಿಮಿಷದಲ್ಲಿ ಮುಗಿಯಿತು. ಸಂಜೆ ಬಂದ ರಿಪೋರ್ಟಿನಲ್ಲಿ ಪಿತ್ತಕೋಶ ನಾರ್ಮಲ್ ಎಂದಿತ್ತು. ಆದರೆ ಎಡ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಸೆಂಟಿಮೀಟರಿನ ಗಂಟು ಕಾಣುತ್ತಿದೆ, ಹೆಚ್ಚಿನ ಪರೀಕ್ಷೆ ಮಾಡಿಸಿ ಎಂಬ ಸಾಲೂ ಇತ್ತು. ಅಲ್ಲಿಗೆ ಹೊಟ್ಟೆನೋವು ಮರೆತುಹೋಯಿತು, ಗಂಟು ಹಿಡಿದುಕೊಂಡಿತು. ಹಾರ್ಮೋನ್ ತಜ್ಞರು, ರಕ್ತಪರೀಕ್ಷೆ, ಇಡೀ ದಿನದ ಮೂತ್ರಪರೀಕ್ಷೆ ಎಂದು ಮೂರು ವಾರ ಓಡಾಡಿದೆವು. ಅವ್ವ ಯಾರಿಗೂ ಹೇಳದೆ ತನ್ನ ಬಂಗಾರದ ಬಳೆ ಯಾವ ಸೊಸೆಗೆ ಯಾವುದು ಎಂದು ಚೀಟಿ ಬರೆದಿಟ್ಟಿದ್ದಳು. ಕೊನೆಗೆ ಆ ಗಂಟಿನಿಂದ ಅಪಾಯವಿಲ್ಲ, ವರ್ಷಕ್ಕೊಮ್ಮೆ ನೋಡಿದರೆ ಸಾಕು ಎಂದರು. ಇಬ್ಬರೂ ಊರಿಗೆ ಹೋದರು.

ಹೋದ ಎಂಟನೇ ದಿನ ಅವ್ವನಿಗೆ ಮತ್ತೆ ನೋವು ಬಂತು, ಈ ಸಲ ಚಳಿಜ್ವರದ ಜೊತೆ. ಅದೇ ಡಾಕ್ಟರು ಅದೇ ಚೀಟಿ ಬರೆದರು. ಧಾರವಾಡದಲ್ಲಿ 1,200 ರೂಪಾಯಿಯ ಸೋನೋಗ್ರಫಿ ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟಿತು. ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು, ಗೋಡೆ ಬಾತು ದಪ್ಪವಾಗಿದೆ. ತಡಮಾಡದೆ ಆಪರೇಷನ್ ಆಯಿತು. ಉರಿಯೂತದಿಂದ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದರಿಂದ ದುರ್ಬೀನಿನ ಆಪರೇಷನ್ ನಡುವೆ ನಿಲ್ಲಿಸಿ ಹೊಟ್ಟೆ ತೆರೆಯಬೇಕಾಯಿತು. ಆರು ದಿನ ಆಸ್ಪತ್ರೆ. “ಒಂದು ತಿಂಗಳು ಮೊದಲೇ ಬಂದಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ,” ಎಂದರು ಸರ್ಜನ್. ಅಪ್ಪ ನನ್ನ ಮುಖ ನೋಡಲಿಲ್ಲ. ನೋಡಿದ್ದರೇ ಸರಿಯಿತ್ತು.

ಪ್ರತಿ ಯಂತ್ರದ ಕಣ್ಣು ಬೇರೆ

ಆಸ್ಪತ್ರೆಯ ಆ ಆರು ದಿನ ನನಗೆ ಓದಲು ಸಮಯ ಸಿಕ್ಕಿತು. ಸಿಟಿ ಸ್ಕ್ಯಾನರ್ ಕಂಡುಹಿಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಎಂಜಿನಿಯರ್. ಬ್ರಿಟನ್ನಿನ ಇಎಂಐ ಕಂಪನಿಯಲ್ಲಿ ಮೊದಲು ಕಂಪ್ಯೂಟರ್ ವಿನ್ಯಾಸ ಮಾಡಿದ್ದವನು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅವನ ಯಂತ್ರ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. 1979ರಲ್ಲಿ ನೊಬೆಲ್ ಬಂತು. ಸಿಟಿ ಎಂದರೆ ಸುತ್ತಲಿನಿಂದ ತೆಗೆದ ಅನೇಕ ಎಕ್ಸ್‌–ರೇಗಳನ್ನು ಕಂಪ್ಯೂಟರ್ ಜೋಡಿಸಿ ಕೊಡುವ ಅಡ್ಡಸೀಳು ಚಿತ್ರ. ಅದು ಅಳೆಯುವುದು ಎಕ್ಸ್‌–ರೇಯನ್ನು ಯಾವ ಪದಾರ್ಥ ಎಷ್ಟು ತಡೆಯುತ್ತದೆ ಎಂಬುದನ್ನು. ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000, ಎಲುಬಿಗೆ ನೂರಾರು.

ಅವ್ವನ ವಿಷಯದಲ್ಲಿ ಎಡವಟ್ಟಾದದ್ದು ಇಲ್ಲೇ. ಸುಣ್ಣದ ಅಂಶವಿರುವ ಪಿತ್ತಗಲ್ಲು ಸಿಟಿಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಆದರೆ ಹೆಚ್ಚಿನವರಲ್ಲಿ ಕಲ್ಲಿನ ಬಹುಪಾಲು ಕೊಲೆಸ್ಟರಾಲ್. ಅಂಥ ಕಲ್ಲೂ ಅದರ ಸುತ್ತಲಿನ ಪಿತ್ತರಸವೂ ಎಕ್ಸ್‌–ರೇಯನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಡೆದರೆ, ಹಾಲಿನ ಗಿಂಡಿಯಲ್ಲಿ ಮುಳುಗಿದ ಬೆಣ್ಣೆಯಂತೆ ಎರಡೂ ಒಂದೇ ಬಣ್ಣ. ಸೋನೋಗ್ರಫಿ ನೋಡುವ ರೀತಿಯೇ ಬೇರೆ. ಅದು ಶಬ್ದದ ಅಲೆ ಕಳಿಸಿ ಮರುದನಿ ಕೇಳುತ್ತದೆ. ಕಲ್ಲು ಯಾವುದರಿಂದ ಆಗಿದ್ದರೂ ಗಟ್ಟಿ. ಅಲೆ ಅದಕ್ಕೆ ಬಡಿದು ತಿರುಗುತ್ತದೆ, ಕಲ್ಲಿನ ಹಿಂದೆ ಕಪ್ಪು ನೆರಳು ಬೀಳುತ್ತದೆ. ಬರೀ ಹೊಟ್ಟೆಯಲ್ಲಿ ಬರಲು ಹೇಳುವುದೂ ಇದಕ್ಕೇ. ಉಂಡ ಮೇಲೆ ಪಿತ್ತಕೋಶ ಮುದುಡುತ್ತದೆ, ಉಪವಾಸವಿದ್ದರೆ ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ.

ಹಾಗಂತ ಸೋನೋಗ್ರಫಿಯೇ ಎಲ್ಲಕ್ಕೂ ಮೇಲು ಎಂದಲ್ಲ. ಗಾಳಿ ಮತ್ತು ಎಲುಬಿನ ಆಚೆಗೆ ಅದಕ್ಕೆ ಕಾಣದು, ಹಿಡಿದವರ ಕೈಚಳಕದ ಮೇಲೂ ಫಲಿತಾಂಶ ನಿಂತಿರುತ್ತದೆ. ಕಲ್ಲು ಪಿತ್ತಕೋಶದಿಂದ ಜಾರಿ ಕೆಳಗಿನ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಸೋನೋಗ್ರಫಿ ತಪ್ಪಿಸಿಕೊಳ್ಳಬಹುದು. ಆಗ ಎಂಸಿಆರ್‌ಪಿ ಅಲ್ಲ, ಎಂಆರ್‌ಸಿಪಿ ಎಂಬ ವಿಶೇಷ ಎಂಆರ್‌ಐ ಬೇಕಾಗುತ್ತದೆ (ಈ ಹೆಸರನ್ನು ನಾನೇ ಮೂರು ಸಲ ತಪ್ಪು ಹೇಳಿದ್ದೇನೆ). ನನ್ನ ತಲೆಯಲ್ಲಿದ್ದ ಏಣಿ ಸುಳ್ಳು. ಇವು ಒಂದರ ಮೇಲೊಂದು ಮೆಟ್ಟಿಲಲ್ಲ, ಬಡಿಗನ ಚೀಲದ ಉಳಿ, ಗರಗಸ, ಸುತ್ತಿಗೆಯಂತೆ ಬೇರೆ ಬೇರೆ ಕೆಲಸದವು.

ಮೊದಲು ಸಂಶಯ, ಆಮೇಲೆ ಸ್ಕ್ಯಾನ್

ಯಾವ ಲಕ್ಷಣಕ್ಕೆ ಯಾವ ಪರೀಕ್ಷೆ ಎಂದು ಡಾಕ್ಟರುಗಳಿಗೆ ದಾರಿ ತೋರಿಸಲು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಪಟ್ಟಿಗಳನ್ನು ಮಾಡಿಟ್ಟಿದೆ. ಆ ಪಟ್ಟಿಗಳಿಗೆ ಯಂತ್ರದ ಹೆಸರಿಲ್ಲ, ರೋಗಿಯ ತೊಂದರೆಯ ಹೆಸರಿದೆ. ಪ್ರತಿ ಪರೀಕ್ಷೆಯ ಮುಂದೆ ಮೂರರಲ್ಲಿ ಒಂದು ಗುರುತು: ಸಾಮಾನ್ಯವಾಗಿ ಸೂಕ್ತ, ಸೂಕ್ತವಾಗಬಹುದು, ಸಾಮಾನ್ಯವಾಗಿ ಸೂಕ್ತವಲ್ಲ. ಪಿತ್ತಕೋಶದ ಸಂಶಯವಿರುವ ಬಲಪಕ್ಕೆಯ ನೋವಿಗೆ ಮೊದಲ ಪರೀಕ್ಷೆ ಸೋನೋಗ್ರಫಿ. ನಮ್ಮ ಓಣಿಯ ಡಾಕ್ಟರು ಕಂಪ್ಯೂಟರ್ ಮುಟ್ಟದೆ ಬರೆದದ್ದೂ ಅದನ್ನೇ.

ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಸಂದರ್ಭ ನೋಡಿ.

ಒಮ್ಮೆಲೇ ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದು, ಮಾತು ತೊದಲಿದರೆ ಅದು ಲಕ್ವ. ಆಗ ಮೊದಲ ಪ್ರಶ್ನೆ ‘ಮಿದುಳಲ್ಲಿ ರಕ್ತ ಸೋರಿದೆಯೇ, ಇಲ್ಲವೇ?’ ಎಂಬುದು. ರಕ್ತನಾಳ ಮುಚ್ಚಿ ಲಕ್ವವಾಗಿದ್ದರೆ ಹೆಪ್ಪು ಕರಗಿಸುವ ಔಷಧ ಕೊಡಬಹುದು, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ಸೋರಿದ್ದರೆ ಅದೇ ಔಷಧ ಪ್ರಾಣಕ್ಕೆ ಕುತ್ತು. ಕಾಂಟ್ರಾಸ್ಟ್ ಇಲ್ಲದ ತಲೆಯ ಸಿಟಿ ಸೋರಿಕೆಯನ್ನು ಕ್ಷಣದಲ್ಲಿ ತೋರಿಸುತ್ತದೆ. ಮೊದಲ ಗಂಟೆಗಳ ಲಕ್ವವನ್ನು ಎಂಆರ್‌ಐ ಇನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ ನಿಜ, ಆದರೆ ಅದಕ್ಕೆ ಸಮಯ ಬೇಕು. ಇಲ್ಲಿ ನಿಮಿಷವೇ ಬೆಲೆ. ಎಂಆರ್‌ಐ ಇರುವ ಆಸ್ಪತ್ರೆ ಹುಡುಕುತ್ತ ಸಿಟಿ ಇರುವ ಆಸ್ಪತ್ರೆ ದಾಟಿ ಹೋಗಬಾರದು.

ಒಂದೇ ಸಲಕ್ಕೆ ಉಸಿರು ಕಟ್ಟಿ, ಎದೆ ನೋಯ್ದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಎಂಬ ಸಂಶಯ ಬಂದರೆ ಸಾದಾ ಸಿಟಿ ಸಾಲದು. ನರಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು, ಅದು ಶ್ವಾಸಕೋಶದ ರಕ್ತನಾಳ ತಲುಪಿದ ಸೆಕೆಂಡುಗಳಲ್ಲೇ ಚಿತ್ರ ತೆಗೆಯುವ ಸಿಟಿ ಆಂಜಿಯೋಗ್ರಾಮ್ ಬೇಕು. ಫಾರ್ಮಿನಲ್ಲಿ ‘ಎದೆನೋವು’ ಎಂದಷ್ಟೇ ಬರೆದರೆ ಟೆಕ್ನಿಷಿಯನ್‌ಗೆ ಇದು ಹೇಗೆ ತಿಳಿಯಬೇಕು? ಸಿಟಿ ಎಂಬ ಒಂದೇ ಹೆಸರಿನೊಳಗೆ ಹತ್ತಾರು ಪರೀಕ್ಷೆಗಳಿವೆ.

ಮೂತ್ರಪಿಂಡದ ಕಲ್ಲು ಪಿತ್ತಗಲ್ಲಿಗೆ ತದ್ವಿರುದ್ಧ. ಅದನ್ನು ಅತ್ಯಂತ ನಿಖರವಾಗಿ ತೋರಿಸುವುದು ಕಾಂಟ್ರಾಸ್ಟ್ ಇಲ್ಲದ ಸಿಟಿ. ಆದರೂ ಎಲ್ಲರಿಗೂ ಮೊದಲೇ ಸಿಟಿ ಬೇಕಿಲ್ಲ. ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ, ಮೊದಲು ಸೋನೋಗ್ರಫಿ ಮಾಡಿಸಿಕೊಂಡವರಿಗೆ ಅದರಿಂದ ಹೆಚ್ಚಿನ ತೊಂದರೆಯೇನೂ ಆಗಲಿಲ್ಲ, ಮೈಗೆ ತಾಗಿದ ವಿಕಿರಣ ಮಾತ್ರ ಕಡಿಮೆಯಾಯಿತು. ಬೇಕೆನಿಸಿದವರಿಗೆ ಆಮೇಲೆ ಸಿಟಿ ಮಾಡಿದರು.

ಕ್ರಿಕೆಟ್ ಆಡುವಾಗ ಮೊಣಕಾಲು ತಿರುಚಿದರೆ ಎಲುಬು ಮುರಿದಿದೆಯೇ ಎಂಬ ಪ್ರಶ್ನೆಗೆ ಎಕ್ಸ್‌–ರೇ ಉತ್ತರಿಸುತ್ತದೆ. ಒಳಗಿನ ಲಿಗಮೆಂಟ್ ಹರಿದಿದೆಯೇ ಎಂಬುದಕ್ಕೆ ಎಂಆರ್‌ಐ. ಕುತ್ತಿಗೆಯ ಥೈರಾಯ್ಡ್ ಗಂಟಿಗೆ ಮೊದಲು ಸೋನೋಗ್ರಫಿ. ವಾರಗಟ್ಟಲೆ ಕೆಮ್ಮು, ಸಂಜೆ ಜ್ವರ ಎಂದರೆ ಎದೆಯ ಎಕ್ಸ್‌–ರೇ ಕ್ಷಯದ ಸಂಶಯ ಹುಟ್ಟಿಸಬಲ್ಲದು, ಖಚಿತಪಡಿಸುವುದು ಕಫದ ಪರೀಕ್ಷೆ. ಕೆಲವು ಸಲ ಸರಿಯಾದ ಉತ್ತರ ಯಾವ ಸ್ಕ್ಯಾನಿನಲ್ಲೂ ಇರುವುದಿಲ್ಲ.

‘ಎಲ್ಲ ಒಮ್ಮೆ ನೋಡಿಸಿಬಿಡೋಣ’ದ ಬೆಲೆ

ನಮ್ಮ ಕೆಲಸದಲ್ಲಿ ಹೊಸ ಹುಡುಗರು ಮಾಡುವ ತಪ್ಪೊಂದಿದೆ. ಬಗ್ ಎಲ್ಲಿದೆ ಎಂದು ಯೋಚಿಸದೆ ಎಲ್ಲ ಲಾಗ್‌ಗಳನ್ನೂ ಆನ್ ಮಾಡಿ, ಸಾವಿರ ಎಚ್ಚರಿಕೆಗಳ ರಾಶಿಯಲ್ಲಿ ಕಳೆದುಹೋಗುವುದು. ಅವರಿಗೆ ಬುದ್ಧಿ ಹೇಳುವ ನಾನು ಅವ್ವನಿಗೆ ಅದನ್ನೇ ಮಾಡಿದ್ದೆ.

ಒಂದು ಲೆಕ್ಕ ಹಾಕೋಣ. ಒಂದು ಪರೀಕ್ಷೆ ಕಾಯಿಲೆಯಿದ್ದ 100 ಜನರಲ್ಲಿ 90 ಜನರನ್ನು ಹಿಡಿಯುತ್ತದೆ, ಕಾಯಿಲೆಯಿಲ್ಲದ 100ರಲ್ಲಿ 90 ಜನರಿಗೆ ಇಲ್ಲ ಎನ್ನುತ್ತದೆ ಎಂದುಕೊಳ್ಳಿ. ಯಾವ ಲಕ್ಷಣವೂ ಇಲ್ಲದ, 100ಕ್ಕೆ ಒಬ್ಬರಿಗಷ್ಟೇ ಕಾಯಿಲೆಯಿರುವ 1,000 ಜನರಿಗೆ ಇದನ್ನು ಮಾಡಿದರೆ ಕಾಯಿಲೆಯಿದ್ದ 10 ಜನರಲ್ಲಿ 9 ಜನ ಸಿಗುತ್ತಾರೆ. ಆದರೆ ಉಳಿದ 990 ಆರೋಗ್ಯವಂತರಲ್ಲಿ 99 ಜನರಿಗೂ ‘ಇದೆ’ ಎಂಬ ರಿಪೋರ್ಟ್ ಬರುತ್ತದೆ. ಹೆದರಿದ 108 ಜನರಲ್ಲಿ ನಿಜವಾಗಿ ಕಾಯಿಲೆಯಿರುವುದು 9 ಜನರಿಗೆ, ಅಂದರೆ 12ಕ್ಕೆ ಒಬ್ಬರಿಗೆ. ಅದೇ ಪರೀಕ್ಷೆಯನ್ನು ಡಾಕ್ಟರು ನೋಡಿ, ಮುಟ್ಟಿ, ಅರ್ಧಕ್ಕರ್ಧ ಸಂಶಯಪಟ್ಟು ಕಳಿಸಿದ 1,000 ಜನರಿಗೆ ಮಾಡಿದರೆ ‘ಇದೆ’ ಎಂದ 10 ರಿಪೋರ್ಟಿನಲ್ಲಿ 9 ಸರಿ. ಯಂತ್ರ ಅದೇ, ಬದಲಾದದ್ದು ಸ್ಕ್ಯಾನ್‌ಗೆ ಮೊದಲಿನ ಸಂಶಯ. ಹೊಟ್ಟೆ ಒತ್ತಿ ನೋಡಿದ ಆ ಎರಡು ನಿಮಿಷದ ಬೆಲೆ ಇದು.

ಅವ್ವನ ಅಡ್ರಿನಲ್ ಗಂಟಿನಂತೆ ಹುಡುಕದೆ ಸಿಗುವುದಕ್ಕೆ ಡಾಕ್ಟರುಗಳು ‘ಇನ್ಸಿಡೆಂಟಲೋಮಾ’ ಎನ್ನುತ್ತಾರೆ. ಹೆಚ್ಚಿನವು ನಿರಪಾಯಕಾರಿ. ಆದರೆ ಒಮ್ಮೆ ಕಂಡ ಮೇಲೆ ಕಾಣದಂತೆ ಇರಲು ಯಾರಿಗೂ ಆಗುವುದಿಲ್ಲ.

ವಿಕಿರಣದ ಲೆಕ್ಕವೂ ಇದೆ. ಸೋನೋಗ್ರಫಿ, ಎಂಆರ್‌ಐಗಳಲ್ಲಿ ಎಕ್ಸ್‌–ರೇ ಥರದ ವಿಕಿರಣವಿಲ್ಲ. ಎದೆಯ ಒಂದು ಎಕ್ಸ್‌–ರೇ ಸುಮಾರು 0.1 ಮಿಲಿಸೀವರ್ಟ್ ಅಥವಾ ಇನ್ನೂ ಕಡಿಮೆ. ಹೊಟ್ಟೆಯ ಸಿಟಿ 8ರಿಂದ 10ರ ಆಸುಪಾಸು. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ಬರುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4. ಬೇಕಾದಾಗ ಸಿಟಿಗೆ ಹೆದರಬಾರದು, ಅದು ಪ್ರಾಣ ಉಳಿಸುತ್ತದೆ. ಬೇಡದಾಗ, ಅದರಲ್ಲೂ ಮಕ್ಕಳಿಗೆ, ಸುಮ್ಮನೆ ಮಾಡಿಸಬಾರದು ಅಷ್ಟೇ.

ದೂರದಿಂದ ನಾವು ಮಾಡಬಹುದಾದದ್ದು

ಈಗ ಊರಿನಿಂದ ಸ್ಕ್ಯಾನಿನ ಮಾತು ಬಂದರೆ ನಾನು ಯಂತ್ರದ ಹೆಸರು ಹೇಳುವುದಿಲ್ಲ. ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಲು ಸಿಕ್ಕರೆ ಮೂರು ಮಾತು ಕೇಳುತ್ತೇನೆ. ಯಾವ ಕಾಯಿಲೆಯ ಸಂಶಯವಿದೆ? ಈ ಸ್ಕ್ಯಾನಿನ ರಿಪೋರ್ಟ್ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ? ರಿಪೋರ್ಟ್ ನಾರ್ಮಲ್ ಬಂದೂ ನೋವು ನಿಲ್ಲದಿದ್ದರೆ ಮುಂದೇನು? ಎರಡೂ ರಿಪೋರ್ಟಿಗೆ ಚಿಕಿತ್ಸೆ ಒಂದೇ ಎಂದಾದರೆ ಆ ಸ್ಕ್ಯಾನ್ ಯಾಕೆ ಬೇಕು ಎಂದು ಮರ್ಯಾದೆಯಿಂದಲೇ ಕೇಳಬಹುದು. ಮೂರನೆಯದನ್ನು ಅಂದು ಕೇಳಿದ್ದರೆ ಅವ್ವ ಹೊಟ್ಟೆ ಕೊಯ್ಸಿಕೊಳ್ಳಬೇಕಾಗುತ್ತಿರಲಿಲ್ಲವೇನೋ.

ಡಾಕ್ಟರ ಚೀಟಿಯನ್ನು ಸೆಂಟರಿನಲ್ಲಿ ತಪ್ಪದೆ ತೋರಿಸಿ. ಫಾರ್ಮಿನ ಆ ಎರಡು ಸಾಲು ಪೂರ್ತಿ ತುಂಬಿ: ಎಲ್ಲಿ ನೋವು, ಎಷ್ಟು ದಿನದಿಂದ, ಯಾವಾಗ ಹೆಚ್ಚು, ಹಿಂದೆ ಆದ ಆಪರೇಷನ್, ಡಾಕ್ಟರ ಸಂಶಯ. ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ಹೆಚ್ಚಿನ ಸಲ ರೋಗಿಯ ಮುಖ ನೋಡಿರುವುದಿಲ್ಲ. ಅವರಿಗೆ ರೋಗಿ ಎಂದರೆ ಆ ಎರಡು ಸಾಲು. ಹಳೆಯ ಫಿಲ್ಮ್, ಸಿಡಿಗಳನ್ನು ಎಸೆಯಬೇಡಿ. ಕಾಂಟ್ರಾಸ್ಟ್ ಕೊಡುವುದಿದ್ದರೆ ಮೂತ್ರಪಿಂಡದ ತೊಂದರೆ, ಅಲರ್ಜಿ, ಸಕ್ಕರೆ ಕಾಯಿಲೆಯ ಮಾತ್ರೆಗಳ ಬಗ್ಗೆ ಮೊದಲೇ ಹೇಳಿ. ಎಂಆರ್‌ಐಗೆ ಮುಂಚೆ ಪೇಸ್‌ಮೇಕರ್ ಅಥವಾ ಮೈಯೊಳಗಿನ ಲೋಹದ ವಿಷಯ, ಹೆಣ್ಣುಮಕ್ಕಳಾದರೆ ಎಕ್ಸ್‌–ರೇ, ಸಿಟಿಗೆ ಮುಂಚೆ ಗರ್ಭಿಣಿಯಿರಬಹುದಾದ ವಿಷಯ ತಿಳಿಸಿ. ನಮ್ಮ ದೇಶದಲ್ಲಿ ಎಕ್ಸ್‌–ರೇ, ಸಿಟಿ ಯಂತ್ರ ನಡೆಸಲು ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು, ಅದಿದೆಯೇ ಎಂದು ಕೇಳುವ ಹಕ್ಕು ನಮಗಿದೆ. ಲಕ್ವ, ಅಪಘಾತ, ಎದೆನೋವಿನಂಥ ತುರ್ತಿನಲ್ಲಿ ಮಾತ್ರ ಇಷ್ಟೆಲ್ಲ ಕೇಳುತ್ತ ನಿಲ್ಲಬೇಡಿ, ಮೊದಲು ಆಸ್ಪತ್ರೆ ಮುಟ್ಟಿಸಿ.

ದೀಪಾವಳಿಯ ಹೊತ್ತಿಗೆ ಅಪ್ಪನ ಫೋನ್ ಬಂತು. ಅಕ್ಕಿಯ ಚೀಲ ಎತ್ತಲು ಹೋಗಿ ಸೊಂಟ ಹಿಡಿದಿತ್ತು. ಹಳೆಯ ಡಾಕ್ಟರು ಕಾಲಿನ ಬಲ ನೋಡಿದ್ದರು. ಜ್ವರವಿದೆಯೇ, ತೂಕ ಇಳಿದಿದೆಯೇ, ಮಲಮೂತ್ರದ ಹಿಡಿತ ತಪ್ಪಿದೆಯೇ, ಕೂರುವ ಭಾಗ ಜೋಮು ಹಿಡಿದಿದೆಯೇ ಎಂದು ಕೇಳಿದ್ದರು. ಯಾವುದೂ ಇರಲಿಲ್ಲ. ಕೆಲವು ವಾರ ನೋಡೋಣ, ಈಗ ಸ್ಕ್ಯಾನ್ ಬೇಡ ಎಂದಿದ್ದರು. ಅದು ಸರಿಯೂ ಹೌದು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ವಿಶ್ಲೇಷಣೆಯಲ್ಲಿ 20ರ ವಯಸ್ಸಿನವರಲ್ಲೇ ಶೇ 37 ಜನರ, 80ರವರಲ್ಲಿ ಶೇ 96 ಜನರ ಬೆನ್ನಿನ ಡಿಸ್ಕ್ ಸವೆದಿತ್ತು. ಅಪ್ಪನಿಗೆ ಎಂಆರ್‌ಐ ಮಾಡಿಸಿದ್ದರೆ ಏನಾದರೊಂದು ಸಿಕ್ಕೇ ಸಿಗುತ್ತಿತ್ತು.

“ಪುಣೆಗೆ ಬಂದ ಎಂಆರ್‌ಐ ಮಾಡಸಬೇಕೇನೋ?” ಎಂದರು ಅಪ್ಪ. ದನಿಯಲ್ಲಿ ಸ್ವಲ್ಪ ಪರೀಕ್ಷೆಯಿತ್ತು.

“ಬ್ಯಾಡ್ರಿ ಅಪ್ಪಾ. ಡಾಕ್ಟರ್ ಹೇಳಿಧಂಗ ಮಾಡ್ರಿ. ನಾನ ಶನಿವಾರ ಊರಿಗೆ ಬರತೇನಿ.”

ಐದು ವಾರದಲ್ಲಿ ಅಪ್ಪನ ಸೊಂಟ ಸರಿಹೋಯಿತು. ಆ ಶನಿವಾರ ಊರಿಗೆ ಹೋದಾಗ ಅವ್ವ ನನಗೆ ಹೋಳಿಗೆ ಬಡಿಸಿದಳು, ತಾನು ಮಾತ್ರ ತುಪ್ಪ ಕಡಿಮೆ ಹಾಕಿಕೊಂಡಳು.